ಸ್ಪ್ರಿಂಗಿನ ನಟ್ಟಿಗೆ ಮೂರು ಸುತ್ತು

ವಾರ್ಟೆನ್‌ಫೆಲ್ಡ್, ಭಾನುವಾರ
ಸೆಪ್ಟೆಂಬರ್ 8, 1889

ಮಗಳು ಒಟ್ಟೀಲಿಗೆ ಅಪ್ಪ ಬರೆಯುವುದು.

ಎರಡು ವರ್ಷದಿಂದ ನಿನ್ನ ಕಾಗದಗಳಿಗೆ ನಾನು ಉತ್ತರ ಬರೆದಿಲ್ಲ. ನಿನ್ನ ಮದುವೆಗೂ ಬರಲಿಲ್ಲ. ಕಾರಣ ನಿನಗೂ ಗೊತ್ತು, ಊರಿಗೂ ಗೊತ್ತು. ನನ್ನ ಕೈಕೆಳಗೆ ಆರು ವರ್ಷ ಕಲ್ಲಿದ್ದಲು ಎತ್ತಿ ಡ್ರೈವರಾದ ಕುನೋ ನಿನ್ನನ್ನು ಕೇಳಿದ್ದ. ನೀನು ಅವನನ್ನು ಬಿಟ್ಟು, ಇಂಜಿನ್ನನ್ನು ಕಾಗದದ ಮೇಲೆ ಮಾತ್ರ ಓಡಿಸುವವನನ್ನು ಕಟ್ಟಿಕೊಂಡೆ. ಆ ಜಗಳ ಇವತ್ತು ಬೇಡ. ಇವತ್ತು ಒಂದು ಸಂತೋಷದ ಸುದ್ದಿ ಇದೆ. ಇಂಜಿನ್ ಶೆಡ್ಡಿನಲ್ಲಿ ಹೇಳಿಕೊಂಡರೆ ಮುದುಕನಿಗೆ ಜಂಬ ಅನ್ನುತ್ತಾರೆ, ಅದಕ್ಕೆ ನಿನಗೆ ಬರೆಯುತ್ತಿದ್ದೇನೆ.

ನನಗೆ ಹೊಸ ಇಂಜಿನ್ನು ಕೊಟ್ಟಿದ್ದಾರೆ. ಬೆಳಗಿನ ಎಕ್ಸ್‌ಪ್ರೆಸ್ಸಿನದು, ನಂಬರ್ 214. ನಮ್ಮಲ್ಲಿ ಒಬ್ಬ ಡ್ರೈವರಿಗೆ ಒಂದೇ ಇಂಜಿನ್ನು ಎಂದು ನಿನಗೆ ಗೊತ್ತಲ್ಲ, ಹಾಗಾಗಿ ನಿವೃತ್ತಿಯವರೆಗೆ ಇದು ನನ್ನದೇ. ಎಳೆಯುವ ಗಾಲಿಗಳು ನನ್ನ ತಲೆಗಿಂತ ಎತ್ತರ. ಕುನೋಗೆ ಇದರ ಜೊತೆಯದೇ 217 ಸಿಕ್ಕಿದೆ. ಎರಡೂ ನಿನ್ನ ಗಂಡ ನಕ್ಷೆ ಎಳೆಯುವ ಕಾರ್ಖಾನೆಯವು. ಮೂಲೆಯ ತಗಡಿನಲ್ಲಿ ಕಾರ್ಖಾನೆಯ ಹೆಸರು ನೋಡಿದಾಗ ಒಂದು ಗಳಿಗೆ ಮುಖ ಸಿಂಡರಿಸಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಓಡಿಸಿ ನೋಡಿದ ಮೇಲೆ ಸಿಟ್ಟು ಇಳಿಯಿತು. ಓಟದಲ್ಲಿ ಇದಕ್ಕೆ ಸಾಟಿ ಇಲ್ಲ.

ಒಂದೇ ಒಂದು ಚಟ. ಹೊರಡುವಾಗ ಜಾರುತ್ತದೆ. ಹಬೆ ಬಿಟ್ಟರೆ ದೊಡ್ಡ ಗಾಲಿಗಳು ನಿಂತಲ್ಲೇ ಗಿರಗಿರ ತಿರುಗುತ್ತವೆ, ಗಾಡಿ ಮಾತ್ರ ಕದಲುವುದಿಲ್ಲ. ಮೊನ್ನೆ ಮಳೆ ಬಿದ್ದಿತ್ತು, ಕಿಟಕಿಯಿಂದ ಒಬ್ಬ ತರಕಾರಿ ಮಾರುವವಳು ತಲೆ ಹಾಕಿ, "ಏನಜ್ಜ, ನಿಮ್ ಇಂಜಿನ್ನು ಹೊರಡ್ತಾ ಇದ್ಯೋ ಕುಣೀತಾ ಇದ್ಯೋ?" ಅಂದಳು. ಇಡೀ ಪ್ಲಾಟ್‌ಫಾರಂ ನಕ್ಕಿತು. ಮೂವತ್ತೊಂದು ವರ್ಷದಲ್ಲಿ ನನ್ನ ಗಾಡಿ ತಡವಾಗಿ ಹೊರಟದ್ದು ನೀನು ಕಂಡಿದ್ದೀಯಾ? ಇದಕ್ಕೆ ಮದ್ದು ನನಗೆ ಗೊತ್ತಿದೆ, ಮಾಡುತ್ತೇನೆ.

ನಿನ್ನ ಗಂಡನಿಗೆ ಹೇಳು, ಗೆರೆ ಚೆನ್ನಾಗಿ ಎಳೆದಿದ್ದಾನೆ ಎಂದು.

ನಿನ್ನ ಅಪ್ಪ,
ಲೆಬ್ರೆಕ್ಟ್ ಝಾಂಡರ್


ಹೋಯನ್‌ರೋಡ
ಸೆಪ್ಟೆಂಬರ್ 15, 1889

ಅಪ್ಪಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಅಂಚೆಯವನ ಎದುರಿಗೇ ಅತ್ತುಬಿಟ್ಟೆ. ಅವನು ಪಾಪ, ಸಾವಿನ ಸುದ್ದಿ ಎಂದುಕೊಂಡು ಟೋಪಿ ತೆಗೆದ.

ಆಲ್ವಿನ್ ಸಂಜೆ ಬಂದಾಗ ಓದಿ ಹೇಳಿದೆ. ಅಪ್ಪ ನಿಮ್ಮನ್ನು ಹೊಗಳಿದ್ದಾನೆ ನೋಡಿ ಎಂದು ನಗುತ್ತಲೇ ಓದಿದೆ. 214 ಎಂಬ ನಂಬರು ಬಂದೊಡನೆ ಅವರು ಚಮಚ ಕೆಳಗಿಟ್ಟರು. ಆಲೂಗಡ್ಡೆ ಸಾರು ಹಾಗೇ ತಣ್ಣಗಾಯಿತು. ಯಾಕೆ ಎಂದರೆ ಹೊಟ್ಟೆ ಸರಿಯಿಲ್ಲ ಅಂದರು. ಅವರ ಹೊಟ್ಟೆ ಸರಿಯಿಲ್ಲದಿರುವುದು ಇವತ್ತಿನದಲ್ಲ ಅಪ್ಪ. ಚಳಿಗಾಲದಿಂದಲೂ ಹಾಗೇ ಇದ್ದಾರೆ. ಆ ಇಂಜಿನ್ನುಗಳ ನಕ್ಷೆ ಮುಗಿದ ವಾರದಿಂದ.

ಅವರ ಒಂದು ಪ್ರಶ್ನೆಗೆ ನೀನು ಉತ್ತರ ಬರೆಯಬೇಕಂತೆ. ನಾನೇ ಕೇಳುತ್ತಿರುವ ಹಾಗೆ ಬರೆಯಲು ಹೇಳಿದರು, ಆದರೆ ನಿನ್ನ ಹತ್ತಿರ ಮುಚ್ಚಿಟ್ಟು ನನಗೆ ಅಭ್ಯಾಸವಿಲ್ಲ. ಜೋರಾಗಿ ಓಡುವಾಗ ಇಂಜಿನ್ನು ತಲೆ ಆಡಿಸುತ್ತದೆಯೇ? ಅಂದರೆ ಮೂತಿ ಎಡಕ್ಕೆ ಬಲಕ್ಕೆ ಬಡಿಯುತ್ತದೆಯೇ? ಆಡಿಸಿದರೆ ಎಷ್ಟು ವೇಗದಲ್ಲಿ?

ಅವರು ಇದನ್ನು ಕೇಳಿದ ರೀತಿ ನನಗೆ ಹಿಡಿಸಲಿಲ್ಲ. ಕಿಟಕಿಯ ಕಡೆ ಮುಖ ಮಾಡಿಕೊಂಡು ಕೇಳಿದರು. ಬೇಗ ಬರೆ.

ನಿನ್ನ ಮಗಳು,
ಒಟ್ಟೀಲಿ


ವಾರ್ಟೆನ್‌ಫೆಲ್ಡ್
ಅಕ್ಟೋಬರ್ 6, 1889

ಮಗಳೇ,

ಬೇಗ ಬರೆ ಅಂದಿದ್ದೆ, ಮೂರು ವಾರವಾಯಿತು. ಈಗ ಎಲೆ ಉದುರುವ ಕಾಲ, ಹಳಿಯೆಲ್ಲ ಸಾಬೂನು ಹಚ್ಚಿದ ಹಾಗೆ. ಕೆಲಸ ಮುಗಿದರೆ ಸಾಕು ಅನ್ನಿಸುತ್ತದೆ.

ನಿನ್ನ ಗಂಡನ ಪ್ರಶ್ನೆಗೆ ಉತ್ತರ: ಹೌದು, ತಲೆ ಆಡಿಸುತ್ತದೆ. ಎಂಬತ್ತು ಕಿಲೋಮೀಟರ್ ದಾಟಿದ ಮೇಲೆ ಸ್ವಲ್ಪ ಹೆಚ್ಚು. ತಲೆ ಆಡಿಸದ ಇಂಜಿನ್ನು ಯಾವುದಿದೆ? ಕುರ್ಚಿಯ ಮೇಲೆ ಕೂತವನಿಗೆ ಇದೆಲ್ಲ ದೊಡ್ಡದಾಗಿ ಕಾಣುತ್ತದೆ. ಹೆದರುಪುಕ್ಕಲ ಎಂದು ನಾನು ಅವತ್ತೇ ಹೇಳಿರಲಿಲ್ಲವೇ?

ಇನ್ನು ನನ್ನ ಕಡೆಯ ಸುದ್ದಿ ಕೇಳು, ಅವನಿಗೂ ಓದಿ ಹೇಳು, ಅವನ ಪುಸ್ತಕದಲ್ಲಿ ಇದು ಸಿಗುವುದಿಲ್ಲ. ಇಂಜಿನ್ನಿಗೆ ಮೂರು ಅಚ್ಚು. ಮುಂದಿನದು ಚಿಕ್ಕ ಗಾಲಿಗಳದು, ದಾರಿ ಹಿಡಿಯುವುದಕ್ಕೆ. ನಡುವಿನದೂ ಹಿಂದಿನದೂ ದೊಡ್ಡ ಗಾಲಿಗಳವು, ಎಳೆಯುವುದಕ್ಕೆ. ಎಳೆಯುವ ಗಾಲಿಯ ಮೇಲೆ ಭಾರ ಸಾಲದಿದ್ದರೆ ಜಾರುತ್ತದೆ. ಪ್ರತಿ ಅಚ್ಚಿಗೂ ಸ್ಪ್ರಿಂಗು ಇದೆ, ಸ್ಪ್ರಿಂಗಿನ ತುದಿಗೆ ನಟ್ಟು ಇದೆ. ನಡುವಿನ ಅಚ್ಚಿನ ನಟ್ಟು ಬಿಗಿ ಮಾಡಿದರೆ ಭಾರ ಅಲ್ಲಿಗೆ ಬಂದು ಕೂರುತ್ತದೆ. ಹೋದ ಭಾನುವಾರ ಸ್ಪ್ಯಾನರ್ ತೆಗೆದುಕೊಂಡು ಎರಡೂ ಕಡೆ ಮೂರು ಮೂರು ಸುತ್ತು ಹಾಕಿದೆ. ಸೋಮವಾರ ಹತ್ತು ಡಬ್ಬಿ ಕಟ್ಟಿಕೊಂಡು ಮಳೆಯಲ್ಲಿ ಆಡಿನ ಮರಿಯ ಹಾಗೆ ಹೊರಟಿತು! ತರಕಾರಿಯವಳು ಬಾಯಿ ಮುಚ್ಚಿಕೊಂಡಳು.

ಶೆಡ್ಡಿನ ಮುಖ್ಯಸ್ಥನಿಗೆ ಗೊತ್ತಾದರೆ ಬೈಯುತ್ತಾನೆ, ಆದ್ದರಿಂದ ಅವನಿಗೆ ಹೇಳಿಲ್ಲ. ಹಳೆಯ ಡ್ರೈವರುಗಳೆಲ್ಲ ಮಾಡುವುದೇ ಇದು. ಕುನೋಗೆ ತೋರಿಸಿಕೊಟ್ಟೆ, ಅವನ 217 ಕೂಡ ಈಗ ನೆಟ್ಟಗಾಗಿದೆ. ಈ ಜಾತಿಯ ಇಂಜಿನ್ನು ಮೂರು ಶೆಡ್ಡುಗಳಲ್ಲಿ ಒಟ್ಟು ಹನ್ನೊಂದು ಇವೆ. ಎಲ್ಲ ಡ್ರೈವರುಗಳೂ ಝಾಂಡರನ ಮದ್ದು ಕೊಡಿ ಎಂದು ಕೇಳಿ ಕಲಿತುಕೊಂಡು ಹೋಗಿದ್ದಾರೆ.

ನಿನ್ನ ಅಪ್ಪ


ಹೋಯನ್‌ರೋಡ
ಅಕ್ಟೋಬರ್ 8, 1889

ಅಪ್ಪಾ,

ಈ ಕಾಗದಕ್ಕೆ ಮೊದಲೇ ನನ್ನ ತಂತಿ ಸಿಕ್ಕಿರುತ್ತದೆ. ಸಿಕ್ಕಿದ ಕೂಡಲೇ ನಟ್ಟುಗಳನ್ನು ಹಿಂದಕ್ಕೆ ತಿರುಗಿಸಿದ್ದೀಯ ಎಂದು ದೇವರಲ್ಲಿ ಬೇಡಿಕೊಂಡು ಬರೆಯುತ್ತಿದ್ದೇನೆ. ತಿರುಗಿಸಿಲ್ಲದಿದ್ದರೆ ಮೊದಲು ಎದ್ದು ಹೋಗಿ ತಿರುಗಿಸಿ ಬಾ, ಆಮೇಲೆ ಓದು.

ನಿನ್ನೆ ಮಧ್ಯಾಹ್ನ ಊಟಕ್ಕೆ ಬಂದಾಗ ಆಲ್ವಿನ್‌ಗೆ ಓದಿದೆ. ಮೂರು ಸುತ್ತು ಎನ್ನುವಲ್ಲಿಗೆ ಬಂದಾಗ ಅವರು "ಏನಂದೆ? ಇನ್ನೊಂದ್ಸಲ ಓದು" ಅಂದರು. ಓದಿದೆ. ಗೋಡೆಗೆ ಒರಗಿಕೊಂಡರು. "ಇವತ್ತು ಯಾವ ವಾರ? ಬೆಳಗಿನ್ ಗಾಡಿ ಹೋಯ್ತಾ? ಹೋಗಿ ತಲುಪ್ತಾ?" ಎಂದು ನನ್ನನ್ನು ಕೇಳುತ್ತಾರೆ. ನನಗೇನು ಗೊತ್ತು? ಕೋಟನ್ನೂ ಹಾಕಿಕೊಳ್ಳದೆ ತಂತಿ ಕಚೇರಿಗೆ ಓಡಿದೆವು.

ಅವರು ನನಗೆ ಅರ್ಥವಾಗುವ ಹಾಗೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಮೂರು ಜನ ಒಂದು ಉದ್ದನೆಯ ಏಣಿ ಹೊತ್ತುಕೊಂಡು ಹೋಗುತ್ತಿದ್ದಾರೆ ಎಂದುಕೋ. ನಡುವಿನವನು ಬೆನ್ನು ನೆಟ್ಟಗೆ ಮಾಡಿ ನಿಂತರೆ ಭಾರವೆಲ್ಲ ಅವನ ಮೇಲೆ ಬರುತ್ತದೆ, ಮುಂದಿನವನ ಹೆಗಲು ಹಗುರವಾಗುತ್ತದೆ. ನೀನು ನಡುವಿನವನನ್ನು ನೆಟ್ಟಗೆ ನಿಲ್ಲಿಸಿದ್ದೀಯ. ಮುಂದಿನ ಗಾಲಿಯ ಮೇಲೆ ಹನ್ನೊಂದು ಟನ್ ಇರಬೇಕಾದಲ್ಲಿ ಈಗ ಹತ್ತೂ ಇರಲಾರದಂತೆ. ಅದು ನಿಂತಾಗ. ಓಡುತ್ತಾ ತಲೆ ಆಡಿಸಿದರೆ ಒಂದೊಂದು ಗಳಿಗೆ ಏನೂ ಇರುವುದಿಲ್ಲವಂತೆ. ಆಗ ತಿರುವಿನಲ್ಲಿ ಮುಂದಿನ ಗಾಲಿ ಹಳಿಯನ್ನು ಹತ್ತಿ ಆಚೆಗೆ ಇಳಿಯುತ್ತದೆ. ಹಿಂದೆ ಹತ್ತು ಡಬ್ಬಿ ಜನ.

ನಿನ್ನ ದಾರಿಯಲ್ಲಿ ವೆರಾ ಹೊಳೆಯ ಪಕ್ಕದ ತಿರುವು ಇದೆಯಲ್ಲ ಅಪ್ಪ, ನಾನು ಚಿಕ್ಕವಳಿದ್ದಾಗ ನೀನು ನನಗೋಸ್ಕರ ಸೀಟಿ ಹೊಡೆಯುತ್ತಿದ್ದ ಜಾಗ. ನನಗೆ ಕಣ್ಣು ಮುಚ್ಚಿದರೆ ಅದೇ ಕಾಣುತ್ತಿದೆ.

ಇದಕ್ಕಿಂತ ಹೆಚ್ಚು ಏನೋ ಇದೆ. ಕೇಳಿದರೆ ಆಲ್ವಿನ್ ಹೇಳುತ್ತಿಲ್ಲ. ಕೈ ತೊಳೆಯುತ್ತಾರೆ, ಮತ್ತೆ ತೊಳೆಯುತ್ತಾರೆ. ನನಗೆ ಹೆದರಿಕೆಯಾಗುತ್ತಿದೆ. ದಯಮಾಡಿ ಹಟ ಮಾಡಬೇಡ.

ನಿನ್ನ ಒಟ್ಟೀಲಿ


ವಾರ್ಟೆನ್‌ಫೆಲ್ಡ್
ಅಕ್ಟೋಬರ್ 10, 1889

ಒಟ್ಟೀಲಿಗೆ,

ನಿನ್ನ ತಂತಿ ಬಂತು. ನನಗೆ ಬರುವ ಮೊದಲು ಇಡೀ ಸ್ಟೇಷನ್ನಿಗೆ ಬಂತು. ತಂತಿ ಗುಮಾಸ್ತ ಅದನ್ನು ಕ್ಯಾಂಟೀನಿನಲ್ಲಿ ಗಟ್ಟಿಯಾಗಿ ಓದಿದ: "ಅಪ್ಪಾ ನಟ್ಟು ಹಿಂದಕ್ಕೆ ತಿರುಗಿಸು, ಆಲ್ವಿನ್ ಹೆದರಿದ್ದಾರೆ." ಈಗ ನಾನು ಯಾವ ಕಡೆ ಹೋದರೂ ಫೈರ್‌ಮನ್‌ಗಳು, "ಮೇಸ್ತ್ರಿಗಳೇ, ಅಳಿಯಂದಿರನ್ನ ಕೇಳ್ಕೊಂಡ್ ಹೊರಟ್ರಾ?" ಎನ್ನುತ್ತಾರೆ. ನನ್ನ ಫೈರ್‌ಮನ್ ಯೋಸ್ಟ್ ಬಾಯಿಬಿಟ್ಟು ನಗುವುದಿಲ್ಲ, ಆದರೆ ಅವನ ಬೆನ್ನು ನಗುತ್ತದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಂಜಿನ್ನು ಮಾಡಲು ಬಾರದವರು ಈಗ ನನ್ನ ಸ್ಪ್ಯಾನರ್ ಡೊಂಕು ಅನ್ನುತ್ತಿದ್ದಾರೆ. ಅವನು ಹುಟ್ಟುವ ಮೊದಲಿನಿಂದ ನಾನು ನಟ್ಟು ತಿರುಗಿಸುತ್ತಿದ್ದೇನೆ. ಯಾವ ಇಂಜಿನ್ನೂ ಹಳಿ ಬಿಟ್ಟಿಲ್ಲ.

ಅಷ್ಟು ಖಚಿತವಾಗಿ ಗೊತ್ತಿದ್ದರೆ ಹೆಂಡತಿಯ ಕೈಯಲ್ಲಿ ಯಾಕೆ ಬರೆಸುತ್ತಾನೆ? ತನ್ನ ಕೈಯಲ್ಲಿ ಬರೆಯಲಿ, ಕೆಳಗೆ ಸಹಿ ಹಾಕಲಿ. ಅಲ್ಲದಿದ್ದರೆ ಬಂದು ನನ್ನ ಪಕ್ಕದಲ್ಲಿ ಇಂಜಿನ್ನಿನ ಮೇಲೆ ನಿಲ್ಲಲಿ. ಎರಡೂ ಆಗದಿದ್ದರೆ ಬಾಯಿ ಮುಚ್ಚಿಕೊಂಡು ಗೆರೆ ಎಳೆಯಲಿ.

ನಟ್ಟು ನಾನು ಮುಟ್ಟುವುದಿಲ್ಲ.

ಲೆ. ಝಾಂಡರ್


ಹೋಯನ್‌ರೋಡ
ಅಕ್ಟೋಬರ್ 13, 1889

ಮಾವನವರಿಗೆ ಆಲ್ವಿನ್ ಕ್ರಾಯ್ಟ್ಸನ ನಮಸ್ಕಾರಗಳು.

ನೀವು ನನ್ನ ಸಹಿ ಕೇಳಿದಿರಿ. ಈ ಕಾಗದದ ಕೊನೆಯಲ್ಲಿ ಇದೆ. ಒಟ್ಟೀಲಿಗೆ ಇದನ್ನು ಇನ್ನೂ ತೋರಿಸಿಲ್ಲ.

ಈ ಇಂಜಿನ್ನಿನ ನಕ್ಷೆ ನನ್ನದು. ಮೊದಲು ಎಳೆದಾಗ ಮುಂದಿನ ಅಚ್ಚಿನ ಮೇಲೆ ಹನ್ನೊಂದು ಟನ್ ಬರುತ್ತಿತ್ತು, ಸರಿಯಾಗಿತ್ತು. ಆಮೇಲೆ ರೈಲ್ವೆಯವರು ಹೆಚ್ಚು ಡಬ್ಬಿ ಎಳೆಯಬೇಕು, ಹೆಚ್ಚು ಹಬೆ ಬೇಕು ಎಂದು ಬೆಂಕಿಯ ಗೂಡನ್ನು ಹಿಂದಕ್ಕೆ ಒಂದು ಗೇಣು ಉದ್ದ ಮಾಡಿಸಿದರು. ಭಾರ ಹಿಂದಕ್ಕೆ ಹೋಯಿತು. ಮತ್ತೆ ಲೆಕ್ಕ ಹಾಕಿದಾಗ ಮುಂದೆ ಒಂಬತ್ತೂವರೆ ಉಳಿಯಿತು. ಅಷ್ಟನ್ನೇ ನಕ್ಷೆಯ ಮೇಲೆ ಬರೆದು ನಮ್ಮ ಯಜಮಾನರಿಗೆ ತೋರಿಸಿದೆ. ಅಚ್ಚುಗಳನ್ನು ಇನ್ನೊಮ್ಮೆ ಜರುಗಿಸಬೇಕು, ಎರಡು ತಿಂಗಳು ಬೇಕು ಅಂದೆ. ಅವರು ಗಡಿಯಾರ ನೋಡಿ, "ಕ್ರಾಯ್ಟ್ಸ್, ತೂಕದ್ ದಿನ ಸರಿ ಮಾಡ್ಕೊಳ್ಳೋಣ, ನೀವು ಹನ್ನೊಂದು ಅಂತ್ಲೇ ಬರೀರಿ" ಅಂದರು. ನಾನು ಚಾಕು ತೆಗೆದುಕೊಂಡು ಶಾಯಿ ಕೆರೆದೆ. ಒಂಬತ್ತೂವರೆ ಹೋಯಿತು, ಹನ್ನೊಂದು ಬಂತು. ಕೆಳಗೆ ನನ್ನ ಹೆಸರಿದೆ.

ರೈಲ್ವೆಯವರ ಎದುರು ಅಚ್ಚುಗಳ ಭಾರ ತೂಗುವ ದಿನ ನಡುವಿನ ಅಚ್ಚಿನ ಸ್ಪ್ರಿಂಗುಗಳನ್ನು ಸಡಿಲ ಮಾಡಿಸಿದೆವು. ಭಾರ ಮುಂದಕ್ಕೂ ಹಿಂದಕ್ಕೂ ಹಂಚಿಹೋಯಿತು, ಮುಂದೆ ಹನ್ನೊಂದು ತೋರಿಸಿತು. ಎಲ್ಲರೂ ಕೈ ಕುಲುಕಿದರು. ನಿಮ್ಮ ಇಂಜಿನ್ನು ಹೊರಡುವಾಗ ಜಾರುವುದು ಅದಕ್ಕೇ ಮಾವನವರೇ. ಅಲ್ಲಿ ಇರಬೇಕಾದ ಭಾರವನ್ನು ನಾವು ಕದ್ದು ಮುಂದೆ ಇಟ್ಟಿದ್ದೆವು. ನೀವು ಅದನ್ನು ಕಂಡುಹಿಡಿದು ವಾಪಸು ತಂದಿರಿ. ನಾವು ಸಡಿಲ ಮಾಡಿದ್ದನ್ನೇ ನೀವು ಬಿಗಿ ಮಾಡಿದಿರಿ. ನಿಮ್ಮ ಕೈ ಸರಿಯಾಗಿಯೇ ಕೆಲಸ ಮಾಡಿದೆ. ನನ್ನ ಕೈ ಮಾಡಲಿಲ್ಲ.

ಆಗ ನನಗೆ ಯಜಮಾನರ ಹೆದರಿಕೆ ಇತ್ತು. ಕಿಟಕಿ ಪಕ್ಕದ ನನ್ನ ಮೇಜು ಹೋಗುತ್ತದೆ ಎಂಬ ಹೆದರಿಕೆ. ಈಗ ಬೇರೆ ಹೆದರಿಕೆ. ಇದನ್ನೆಲ್ಲ ಬರೆದು ಯಜಮಾನರ ಮುಂದೆ ಇಡಲು ನಿನ್ನೆ ಎರಡು ಸಲ ಅವರ ಬಾಗಿಲವರೆಗೆ ಹೋದೆ. ಎರಡು ಸಲವೂ ವಾಪಸು ಬಂದೆ.

ಗುರುವಾರ ಬೆಳಗಿನ ಗಾಡಿಗೆ ಬರುತ್ತೇನೆ. ನಾನು ಇದುವರೆಗೆ ಓಡುವ ಇಂಜಿನ್ನಿನ ಮೇಲೆ ಒಂದು ಸಲವೂ ನಿಂತಿಲ್ಲ. ಹೆದರುಪುಕ್ಕಲ ಎಂದು ನೀವು ಹೇಳಿದ್ದು ನಿಜ. ಅಲ್ಲಿಯವರೆಗೆ ಅರವತ್ತಕ್ಕಿಂತ ಜೋರಾಗಿ ಓಡಿಸಬೇಡಿ ಎಂದು ಬೇಡಿಕೊಳ್ಳುತ್ತೇನೆ.

ಆಲ್ವಿನ್ ಕ್ರಾಯ್ಟ್ಸ್


ಹೋಯನ್‌ರೋಡ, ಗುರುವಾರ ಬೆಳಿಗ್ಗೆ
ಅಕ್ಟೋಬರ್ 17, 1889

ಅಪ್ಪಾ,

ಈಗ ಹತ್ತು ಗಂಟೆಗೆ ಹತ್ತು ನಿಮಿಷ ಇದೆ. ನಿನ್ನ ಗಾಡಿ ಒಂಬತ್ತು ಇಪ್ಪತ್ತೈದಕ್ಕೆ ಹೊರಟಿದೆ, ನೀನು ಒಂದು ನಿಮಿಷವೂ ತಡ ಮಾಡುವವನಲ್ಲ. ಹೊಳೆಯ ತಿರುವು ಬರುವುದು ಹತ್ತಕ್ಕೆ.

ಆಲ್ವಿನ್ ನಿನ್ನೆ ಹೊರಡುವಾಗ ಎಲ್ಲವನ್ನೂ ಹೇಳಿದರು. ಚಾಕುವಿನಿಂದ ಕೆರೆದದ್ದನ್ನೂ ಹೇಳಿದರು. ನಾನು ಬುತ್ತಿ ಕಟ್ಟಿಕೊಟ್ಟೆ. ರೈ ರೊಟ್ಟಿಯ ನಡುವೆ ಬೆಣ್ಣೆ ಹಚ್ಚುತ್ತಾ ನಿಮ್ಮಿಬ್ಬರ ಮೇಲೂ ಎಂಥ ಸಿಟ್ಟು ಬಂತೆಂದರೆ ರೊಟ್ಟಿ ಹರಿದುಹೋಯಿತು. ಒಬ್ಬರು ಯಜಮಾನರಿಗೆ ಹೆದರಿ ಬಾಯಿ ಮುಚ್ಚಿಕೊಂಡರು. ಇನ್ನೊಬ್ಬ ಕ್ಯಾಂಟೀನಿನ ನಗುವಿಗೆ ಹೆದರಿ ನಟ್ಟು ಮುಟ್ಟುವುದಿಲ್ಲ ಎಂದ. ಗಂಡಸರು ಹೆದರಬಾರದ್ದಕ್ಕೆಲ್ಲ ಹೆದರುತ್ತೀರಿ.

ಹತ್ತು ಗಂಟೆ ಹೊಡೆಯುತ್ತಿದೆ.

ಈಗ ನೀವಿಬ್ಬರೂ ಅಲ್ಲಿದ್ದೀರಿ. ನನಗೆ ಇರುವುದು ನೀವಿಬ್ಬರೇ, ಇಬ್ಬರೂ ಒಂದೇ ಕಬ್ಬಿಣದ ಹಲಗೆಯ ಮೇಲೆ ನಿಂತಿದ್ದೀರಿ. ಪಕ್ಕದ ಮನೆಯವಳು ಆಗಲೇ ಬಾಗಿಲು ತಟ್ಟಿದಳು, ತಂತಿ ಎಂದುಕೊಂಡು ಲೇಖನಿ ಬಿಸಾಕಿ ಓಡಿದೆ. ಅವಳು ಈರುಳ್ಳಿ ಕೇಳಲು ಬಂದಿದ್ದಳು.

ಈ ಕಾಗದವನ್ನು ನಿನ್ನ ವಿಳಾಸಕ್ಕೆ ಬರೆದಿದ್ದೇನೆ. ಓದಲು ನೀನು ಇರುತ್ತೀಯೋ ಇಲ್ಲವೋ ಗೊತ್ತಿಲ್ಲದೆ ಬರೆದಿದ್ದೇನೆ. ಇದ್ದರೆ ಒಂದೇ ಒಂದು ಸಾಲು ಬರೆ.

ಒಟ್ಟೀಲಿ


ವಾರ್ಟೆನ್‌ಫೆಲ್ಡ್, ಭಾನುವಾರ
ಅಕ್ಟೋಬರ್ 20, 1889

ಮಗಳೇ,

ಇಬ್ಬರೂ ಬದುಕಿದ್ದೇವೆ ಎಂದು ಅವತ್ತೇ ತಂತಿ ಕೊಟ್ಟಿದ್ದೆ. ಮಿಕ್ಕದ್ದನ್ನು ಈಗ ಬರೆಯುತ್ತೇನೆ. ಆಲ್ವಿನ್ ಒಳಗೆ ನಿನ್ನ ಹಳೆಯ ಮಂಚದ ಮೇಲೆ ಮಲಗಿದ್ದಾನೆ. ಅಂಗೈ ಸುಲಿದಿದೆ, ಬೇರೇನೂ ಆಗಿಲ್ಲ. ನಾಳೆ ಬರುತ್ತಾನೆ.

ಅವನ ಕಾಗದ ಓದಿದ ಮೇಲೂ ನನಗೆ ನಂಬಿಕೆ ಬಂದಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನಂಬಿಕೆ ಬಂದಿತ್ತು. ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಮೂರು ದಿನ ಅರವತ್ತರಲ್ಲೇ ಓಡಿಸಿ ಮೂರು ದಿನವೂ ತಡವಾದೆ. ಗುರುವಾರ ಪ್ಲಾಟ್‌ಫಾರಂನಲ್ಲಿ ನಿನ್ನ ಗಂಡ ಟೋಪಿ ಕೈಯಲ್ಲಿ ಹಿಡಿದುಕೊಂಡು ಬಂದ.

"ಮಾವ, ಹೊರಡೋಕ್ ಮುಂಚೆ ನಟ್ಟು ಸಡ್ಲ ಮಾಡಿ. ಕಾಲಿಗ್ ಬೀಳ್ತೀನಿ" ಅಂದ.

"ಮಾಡಿದ್ರೆ ಇಲ್ಲೇ ಜಾರತ್ತೆ. ಸ್ಟೇಷನ್ ಮಾಸ್ತರು ಗಡಿಯಾರ ಹಿಡ್ಕೊಂಡ್ ನಿಂತಿದಾನೆ. ಇವತ್ತು ಹೊತ್ತಿಗ್ ಸರಿಯಾಗಿ ಹೋಗಿ ತೋರಿಸ್ತೀನಿ. ಹತ್ತೋದಾದ್ರೆ ಹತ್ತು, ಇಲ್ದಿದ್ರೆ ಹೆಂಗಸ್ರ ಡಬ್ಬಿಲಿ ಕೂತ್ಕೋ."

ಹತ್ತಿದ. ಯೋಸ್ಟ್ ಅವನಿಗೆ ಹಿಡಿದುಕೊಳ್ಳಲು ಕಂಬಿ ತೋರಿಸಿದ. ಎಪ್ಪತ್ತು ದಾಟುವವರೆಗೆ ಸುಮ್ಮನಿದ್ದ. ಎಂಬತ್ತಕ್ಕೆ ಬಂದಾಗ ಇಂಜಿನ್ನು ಎಂದಿನಂತೆ ಮೂತಿ ಬಡಿಯತೊಡಗಿತು. ಅವನು ನನ್ನ ಕಿವಿಯ ಹತ್ತಿರ ಬಂದು, "ಮುಂದಿನ್ ಗಾಲಿ ನೋಡ್ಬೇಕು" ಎಂದು ಕೂಗಿ, ನಾನು ಬೇಡ ಅನ್ನುವುದರೊಳಗೆ ಬಾಯ್ಲರಿನ ಪಕ್ಕದ ಹಲಗೆಯ ಮೇಲೆ ಇಳಿದೇಬಿಟ್ಟ. ನಾವು ಎಣ್ಣೆ ಹಾಕಲು ಆ ಹಲಗೆಯ ಮೇಲೆ ನಡೆಯುವುದುಂಟು, ಆದರೆ ನಮಗೆ ಅದು ಹುಟ್ಟಿದ ಮನೆಯ ಜಗಲಿ. ಅವನು ಅರ್ಧ ದಾರಿ ಹೋದ. ಅಲ್ಲಿ ಕಾಲು ನಿಂತುಹೋಯಿತು. ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕಣ್ಣು ಮುಚ್ಚಿಕೊಂಡ. ಮುಂದೂ ಇಲ್ಲ, ಹಿಂದೂ ಇಲ್ಲ.

ಹಬೆಯ ಹಿಡಿಯನ್ನು ಯೋಸ್ಟ್ ಕೈಗೆ ಕೊಟ್ಟು ನಾನು ಹೋದೆ. ಅವನ ಕೋಟಿನ ಕಾಲರು ಹಿಡಿದು ಹಿಂದಕ್ಕೆ ಎಳೆಯಬೇಕು ಎಂದು ಬಗ್ಗಿದೆ. ಆಗ ಹೊಳೆಯ ತಿರುವು ಬಂತು. ಬಗ್ಗಿದ್ದರಿಂದ ನನಗೆ ಕೆಳಗೆ ಮುಂದಿನ ಗಾಲಿ ಕಾಣಿಸಿತು.

ಒಟ್ಟೀಲಿ, ಗಾಲಿಗೂ ಹಳಿಗೂ ನಡುವೆ ಬೆಳಕು ಕಂಡೆ. ಎರಡು ಬೆರಳು ಹಿಡಿಸುವಷ್ಟು. ಗಾಲಿ ಹಳಿಯ ಪಕ್ಕವನ್ನು ಉಜ್ಜುತ್ತಾ ಮೇಲಕ್ಕೆ ಬರುತ್ತಿತ್ತು. ಅದರಾಚೆ ಹೊಳೆಯ ನೀರು ಕಂಡೆ. ಎಷ್ಟು ಹೊತ್ತು ಹಾಗಿತ್ತು? ನೀನು ಅಪ್ಪಾ ಎಂದು ಕರೆಯುವಷ್ಟು ಹೊತ್ತು. ಆಮೇಲೆ ದಡ್ ಎಂದು ಕೆಳಗೆ ಬಿತ್ತು. ಇನ್ನೊಂದು ಸಲ ಏಳಲು ಶುರುಮಾಡಿತು.

"ಯೋಸ್ಟ್, ಮುಚ್ಚೋ! ಹಬೆ ಮುಚ್ಚೋ!" ಎಂದು ಕಿರುಚಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ನಾನೂ ಆ ಕಂಬಿಯನ್ನು ತಬ್ಬಿಕೊಂಡೆ. ನಿನ್ನ ಗಂಡನ ಮೇಲೆ ಒರಗಿಕೊಂಡೇ ನಿಂತಿದ್ದೆ, ಗಾಡಿ ನಿಲ್ಲುವವರೆಗೆ.

ನಿಂತ ಮೇಲೆ ಇಳಿದು ಜಲ್ಲಿಯ ಮೇಲೆ ಕೂತೆ. ಗಾರ್ಡು ಓಡಿಬಂದ, ಕಿಟಕಿಗಳಲ್ಲೆಲ್ಲ ತಲೆಗಳು. ಆಲ್ವಿನ್ ನನ್ನ ಪೆಟ್ಟಿಗೆಯಿಂದ ಸ್ಪ್ಯಾನರ್ ತಂದು ಯೋಸ್ಟ್ ಜೊತೆ ನಟ್ಟುಗಳಿಗೆ ಬಿದ್ದ. ಅಂಗೈ ಸುಲಿದದ್ದು ಆಗ. ನಾನು ಇನ್ನೂ ಕೂತೇ ಇದ್ದೆ. ಗಡಿಯಾರ ತೆಗೆದು ನೋಡಿದರೆ ಹತ್ತು ಗಂಟೆ ಆರು ನಿಮಿಷ. ಆಗ ನೆನಪಾಯಿತು, ಹತ್ತು ಹದಿನೈದಕ್ಕೆ ಪಕ್ಕದ ಹಳಿಯಲ್ಲಿ ಎದುರಿನಿಂದ ಕುನೋನ ಗಾಡಿ ಇದೇ ತಿರುವಿಗೆ ಬರುತ್ತದೆ. ಅವನ ನಟ್ಟಿಗೂ ನನ್ನದೇ ಮೂರು ಸುತ್ತು.

ಕೆಂಪು ಬಾವುಟ ತೆಗೆದುಕೊಂಡು ಓಡಿದೆ. ಐವತ್ತೆಂಟನೇ ವಯಸ್ಸಿಗೆ ಅಷ್ಟು ಓಡಬಲ್ಲೆ ಎಂದು ಗೊತ್ತಿರಲಿಲ್ಲ. ಹಳಿಯ ನಡುವೆ ನಿಂತು ಬಾವುಟ ಬೀಸಿದೆ. ಅವನ ಇಂಜಿನ್ನಿನ ಮೂತಿ ದೂರದಿಂದಲೇ ಅತ್ತಿತ್ತ ಬಡಿಯುವುದು ಕಾಣುತ್ತಿತ್ತು. ಆ ಇಂಜಿನ್ನು ಮುಂದಿನಿಂದ ಬರುವುದನ್ನು ನೆಲದ ಮೇಲೆ ನಿಂತು ನಾನು ಅವತ್ತೇ ಮೊದಲು ನೋಡಿದ್ದು. ನನ್ನಿಂದ ನಲವತ್ತು ಹೆಜ್ಜೆ ದೂರದಲ್ಲಿ ನಿಂತಿತು.

ಕುನೋ ತಲೆ ಹೊರಗೆ ಹಾಕಿದ. "ಮೇಸ್ತ್ರಿಗಳೇ! ಏನಿದು, ಯಾರ್ ಸತ್ರು?"

"ಇನ್ನೂ ಯಾರೂ ಸತ್ತಿಲ್ಲ. ಇಳಿ ಕೆಳಗೆ. ಸ್ಪ್ಯಾನರ್ ತಗೊಂಡ್ ಬಾ, ಆ ಮೂರ್ ಸುತ್ತು ಬಿಚ್ಚು."

"ಅಳಿಯಂದ್ರು ಬಂದಿದಾರೇನು?" ಎಂದು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. "ನೀವೇ ಹೇಳ್ಕೊಟ್ಟಿದ್ದಲ್ವಾ ಮೇಸ್ತ್ರಿಗಳೇ?"

"ಹೌದು ಕಣೋ. ತಪ್ಪು ಹೇಳ್ಕೊಟ್ಟೆ."

ಎರಡು ಗಾಡಿಗಳ ಜನರ ಎದುರಿಗೆ ಹೇಳಿದೆ. ಯಾರೂ ನಗಲಿಲ್ಲ.

ಗಾಡಿ ಮುಟ್ಟಬೇಕಾದ ಊರು ಮುಟ್ಟಿದಾಗ ಇಪ್ಪತ್ತೆರಡು ನಿಮಿಷ ತಡ. ರೈಲ್ವೆ ಇನ್‌ಸ್ಪೆಕ್ಟರು ನನ್ನನ್ನೂ ನಿನ್ನ ಗಂಡನನ್ನೂ ಕೋಣೆಗೆ ಕರೆದು ಎಲ್ಲವನ್ನೂ ಕೇಳಿಸಿಕೊಂಡರು. ಕೆಟ್ಟವರಲ್ಲ. ಬಾಗಿಲು ಹಾಕಿಕೊಂಡು ನಿಧಾನವಾಗಿ ಮಾತಾಡಿದರು.

"ಝಾಂಡರ್, ಗಾಡಿ ನಿಲ್ಲಿಸಿದ್ ಕಾರಣ ನೀವು ಬರೀಲೇಬೇಕು. ತಲೆ ಸುತ್ತು ಬಂತು ಅಂತ ಬರೀರಿ. ಮುಗೀತು. ನಿಮ್ ಎಕ್ಸ್‌ಪ್ರೆಸ್ಸು ನಿಮಗೇ ಇರತ್ತೆ. ನಿಮ್ಮ ಅಳಿಯಂದ್ರ ಕೆಲಸಾನೂ ಉಳಿಯತ್ತೆ."

"ಮಿಕ್ಕ ಒಂಬತ್ತು ಇಂಜಿನ್ನು?" ಎಂದು ಕೇಳಿದೆ.

"ನಾನು ಒಬ್ಬೊಬ್ಬರಿಗೂ ಹೇಳ್ತೀನಿ. ನಿಧಾನಕ್ಕೆ."

ನಿಧಾನಕ್ಕೆ ಎಂದರೆ ಎಷ್ಟು ಎಂದು ನನಗೆ ಗೊತ್ತು. ಮೂರು ಶೆಡ್ಡು, ಒಂಬತ್ತು ಡ್ರೈವರು, ಎಲ್ಲರೂ ನನ್ನಂಥವರೇ. ಬಾಯಿಮಾತಿನಲ್ಲಿ ಹೇಳಿದರೆ ಹೂಂ ಎಂದು ತಲೆಯಾಡಿಸಿ ಮಾರನೆಯ ದಿನ ಮಳೆ ಬಿದ್ದರೆ ಮತ್ತೆ ಸ್ಪ್ಯಾನರ್ ತೆಗೆಯುತ್ತಾರೆ. ನಾನಾಗಿದ್ದರೆ ತೆಗೆಯುತ್ತಿದ್ದೆ.

ವರದಿಯ ಹಾಳೆಯಲ್ಲಿ ಕಾರಣ ಎಂದು ಅಚ್ಚಾದ ಜಾಗದಲ್ಲಿ ಹೀಗೆ ಬರೆದೆ: "ಹೆದರಿಕೆ. ನಡುವಿನ ಅಚ್ಚಿನ ನಟ್ಟುಗಳಿಗೆ ನಾನು ಮೂರು ಸುತ್ತು ಹಾಕಿದ್ದೆ, ಬೇರೆಯವರಿಗೂ ಕಲಿಸಿದ್ದೆ. ಮುಂದಿನ ಗಾಲಿ ಹಳಿ ಬಿಟ್ಟು ಎದ್ದದ್ದನ್ನು ಕಂಡು ಹೆದರಿ ನಿಲ್ಲಿಸಿದೆ." ಇನ್‌ಸ್ಪೆಕ್ಟರು ಆ ಮೊದಲ ಪದವನ್ನು ಬಹಳ ಹೊತ್ತು ನೋಡಿದರು. ಆ ಜಾಗದಲ್ಲಿ ಯಾರೂ ಅದನ್ನು ಬರೆದದ್ದನ್ನು ಅವರು ಕಂಡಿರಲಿಲ್ಲವಂತೆ. ಕಾಗದ ಮೇಲಕ್ಕೆ ಹೋಯಿತು, ಶುಕ್ರವಾರವೇ ಹನ್ನೊಂದೂ ಇಂಜಿನ್ನುಗಳನ್ನು ನಿಲ್ಲಿಸಿದರು. ನನ್ನ ಎಕ್ಸ್‌ಪ್ರೆಸ್ಸು ಹೋಯಿತು. ನಾಳೆಯಿಂದ ಯಾರ್ಡಿನಲ್ಲಿ ಗೂಡ್ಸ್ ಡಬ್ಬಿ ತಳ್ಳುವ ಕೆಲಸ.

ನಿನ್ನ ಗಂಡನ ಕೆಲಸದ ಮಾತು ಅವನೇ ಬಂದು ಹೇಳುತ್ತಾನೆ. ಒಳ್ಳೆಯ ಸುದ್ದಿ ಇರಲಾರದು. ನಾನು ಬರೆದು ಮುಗಿಸಿದ ಮೇಲೆ ಅವನು ಇನ್‌ಸ್ಪೆಕ್ಟರನ್ನು ಕೇಳದೆಯೇ ಲೇಖನಿ ತೆಗೆದುಕೊಂಡ. ನನ್ನ ಹೆಸರಿನ ಕೆಳಗೆ "ಹೆದರಿಕೆ ನನಗೂ" ಎಂದು ಬರೆದ. ನಕ್ಷೆಯಲ್ಲಿ ಒಂಬತ್ತೂವರೆ ಕೆರೆದು ಹನ್ನೊಂದು ಬರೆದವನು ನಾನು ಎಂದು ಬರೆದ. ಸಹಿ ಹಾಕಲು ಹೋದಾಗ ಕೈ ನಿಲ್ಲಲಿಲ್ಲ, ಶಾಯಿ ಚೆಲ್ಲಿತು. "ಮಾವ, ಸ್ವಲ್ಪ ಹಿಡ್ಕೊಳಿ" ಅಂದ. ಅವನ ಮಣಿಕಟ್ಟು ಹಿಡಿದುಕೊಂಡೆ. ಇಬ್ಬರೂ ಸೇರಿ ಬರೆದೆವು. ಸಹಿ ಸೊಟ್ಟಗೆ ಬಂದಿದೆ.

ನಿನ್ನ ಅಪ್ಪ,
ಲೆಬ್ರೆಕ್ಟ್ ಝಾಂಡರ್